ಬಾಣಂತನದ ಪಟ್ಟಿಗೆ ಒಳಉಡುಪನ್ನೂ ಸೇರಿಸಿ!

ಗಾರ್ಮೆಂಟ್ಸ್ ಅಕ್ಕ-ತಂಗಿಯರೇ, ಅವರ ಅಮ್ಮಂದಿರೇ, ಅತ್ತೆಯರೇ, ಗಂಡಂದಿರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ನಾವು ಹೊಲಿದ ಬಟ್ಟೆ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಒಂದು ಹೊಲಿಗೆ ತಪ್ಪಿದರೂ ಚೆಕಿಂಗ್ ಟೇಬಲ್ಲಿನಿಂದ ಪೀಸು ವಾಪಸ್ ಬರುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಹೊಲಿಯುವ ನಾವು ಬಸುರಿಯಾದಾಗ ತೊಡುವುದೇನು? ಮದುವೆಗೆ ಮುಂಚಿನ ಬ್ರಾ, ಹುಕ್ಕು ಸೇರದ ಕಡೆ ಸೇಫ್ಟಿ ಪಿನ್ನು. ಸೊಂಟ ಕೊರೆದು ಕೆಂಪು ಗೆರೆ ಮೂಡಿಸುವ ಪ್ಯಾಂಟಿ. ಕೇಳಿದರೆ, “ಇನ್ನೆಷ್ಟು ದಿನ ಬಿಡಿ, ಹೆರಿಗೆ ಆದಮೇಲೆ ಮೈ ಇಳಿಯುತ್ತೆ” ಎನ್ನುತ್ತೇವೆ.

ಅಷ್ಟು ಬೇಗ ಇಳಿಯುವುದಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲೇ ಎದೆ ತುಂಬಿಕೊಳ್ಳುತ್ತದೆ. ಹೊಟ್ಟೆ ಮೇಲೇರಿದಂತೆ ಪಕ್ಕೆಲುಬಿನ ಸುತ್ತಳತೆಯೂ ಹಿಗ್ಗುತ್ತದೆ. ಹೆರಿಗೆಯಾದ ಎರಡು-ಮೂರು ದಿನಕ್ಕೆ ಹಾಲಿಳಿದಾಗ ಎದೆ ಮತ್ತೆ ಬಿಗಿಯುತ್ತದೆ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಊಟದ ಜೊತೆ 2 ವರ್ಷ ಮತ್ತು ಅದಕ್ಕೂ ಮೇಲೆ ಕುಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸುರಿನ ತಿಂಗಳನ್ನೂ ಸೇರಿಸಿದರೆ ಎರಡೂವರೆ ವರ್ಷ ದಾಟಿತು. ಇಷ್ಟು ಕಾಲವನ್ನು ಸೇಫ್ಟಿ ಪಿನ್ನಿನಲ್ಲಿ ತಳ್ಳುವುದೇ?

ಇದು ಬರೀ ಹಿತದ ಮಾತಲ್ಲ. ಬಿಗಿ ಬ್ರಾ, ಅದರೊಳಗಿನ ತಂತಿ ಒತ್ತಿದ ಕಡೆ ಹಾಲು ಕಟ್ಟಿಕೊಂಡು ಗಂಟಾಗಬಹುದು. ಎದೆ ಕೆಂಪಾಗಿ, ಮುಟ್ಟಿದರೆ ನೋವಾಗಿ, ಚಳಿಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಬಸುರಿನಲ್ಲಿ ಬಿಳಿ ಹೋಗುವುದು ಹೆಚ್ಚು, ಫಂಗಸ್ ಸೋಂಕೂ ಬೇಗ ತಗಲುತ್ತದೆ. ಬೆವರು ಹೀರದ ನೈಲಾನ್ ತೊಟ್ಟು ದಿನವಿಡೀ ಮಷೀನಿನ ಮುಂದೆ ಕೂತರೆ ತುರಿಕೆ ಶುರುವಾಗಬಹುದು.

ಅಂಗಡಿಯಲ್ಲಿ ಮೋಸ ಹೋಗಬೇಡಿ. ಬಟ್ಟೆಯ ಗುಣ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ಯಾಂಟಿಯ ಗಸೆಟ್ಟನ್ನು, ಅಂದರೆ ಕಾಲಸಂದಿಯ ಪಟ್ಟಿಯನ್ನು, ಒಳಮಗ್ಗುಲು ತಿರುಗಿಸಿ, ಹತ್ತಿಯದ್ದೇ ಎಂದು ನೋಡಿ. ಎಲಾಸ್ಟಿಕ್ ಎಳೆದು ಬಿಡಿ, ಸುಕ್ಕಾಗದೆ ಸ್ವಸ್ಥಾನಕ್ಕೆ ಬರಬೇಕು. ಹಾಲೂಡಿಸುವ ಬ್ರಾವನ್ನು ಎಂಟನೇ ತಿಂಗಳ ಹೊತ್ತಿಗೆ ಅಳತೆ ಕೊಟ್ಟು ಕೊಳ್ಳಿ. ಆಗ ಪಕ್ಕೆಲುಬು ಹಿಗ್ಗಿರುತ್ತದೆ, ಆದ್ದರಿಂದ ಎಲ್ಲಕ್ಕಿಂತ ಸಡಿಲದ ಹುಕ್ಕಿನಲ್ಲಿ ಸರಿಯಾಗಿ ಕೂರಬೇಕು. ಹೆರಿಗೆಯ ನಂತರ ಮೈ ಇಳಿದಂತೆ ಒಂದೊಂದೇ ಹುಕ್ಕು ಒಳಗೆ ಸರಿಯಬಹುದು. ಹಾಲು ತುಂಬಿಕೊಳ್ಳಲು ಕಪ್ಪಿನೊಳಗೆ ಸ್ವಲ್ಪ ಜಾಗ ಉಳಿದಿರಲಿ.

ಹಾಲೂಡಿಸುವ ಬ್ರಾದ ಕ್ಲಿಪ್ಪನ್ನಂತೂ ಕೊಳ್ಳುವ ಮುಂಚೆ ಒಂದೇ ಕೈಯಲ್ಲಿ ತೆಗೆದು ಹಾಕಿ ನೋಡಲೇಬೇಕು. ಇನ್ನೊಂದು ಕೈಯಲ್ಲಿ ಮಗು ಇರುತ್ತದಲ್ಲ! ಕೆಲಸಕ್ಕೆ ಮರಳಿದ ಮೇಲೂ ಇದು ಬೇಕು: 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ 2 ಬಿಡುವು ಸಿಗಬೇಕು ಎಂದು ಕಾನೂನೇ ಹೇಳುತ್ತದೆ. ಸೂಪರ್‌ವೈಸರ್ ಮುಖ ಸಿಂಡರಿಸಿದರೂ ಕೇಳಿ ಪಡೆಯಿರಿ. ಆ ಸಿಕ್ಕ ಕೆಲವೇ ನಿಮಿಷ ಬೆನ್ನ ಹಿಂದಿನ ಹುಕ್ಕು ಬಿಚ್ಚುವುದರಲ್ಲೇ ಮುಗಿದರೆ ಮಗು ಕುಡಿಯುವುದು ಯಾವಾಗ?

ಸಿಸೇರಿಯನ್ ಆದವರಿಗೆ ಹೊಕ್ಕುಳ ಮೇಲಕ್ಕೆ ಬರುವ ಎತ್ತರದ ಪ್ಯಾಂಟಿಯೇ ಸರಿ. ಸಾಮಾನ್ಯ ಪ್ಯಾಂಟಿಯ ಎಲಾಸ್ಟಿಕ್ ಹೊಲಿಗೆಯ ಮೇಲೇ ಉಜ್ಜುತ್ತದೆ. ವಾರಗಟ್ಟಲೆ ಪ್ಯಾಡ್ ಬೇಕಾಗುವುದರಿಂದ ಅದನ್ನು ಹಿಡಿದಿಡುವಷ್ಟು ಅಗಲವೂ ಇರಲಿ.

ಒಗೆದ ಒಳಉಡುಪನ್ನು ಸೀರೆಯ ಕೆಳಗೆ, ಟವೆಲಿನ ಮರೆಯಲ್ಲಿ ಬಚ್ಚಿಟ್ಟು ಅರೆ ಒದ್ದೆಯಲ್ಲೇ ತೊಡುವ ಅಭ್ಯಾಸ ಇವತ್ತೇ ಬಿಡಿ. ಬಿಸಿಲಿಗೆ ಹಾಕಿ. ನೋಡುವವರು ನೋಡಲಿ, ಅವರ ಮನೆಯಲ್ಲೂ ಹೆಂಗಸರಿದ್ದಾರೆ.

ಇನ್ನು ಬಣ್ಣದ ವಿಷಯ. “ಬಾಣಂತಿಗೆ ಯಾಕಮ್ಮ ಶೋಕಿ?” ಎನ್ನುವ ಹಿರಿಯರಿಗೆ ನಮ್ಮದೂ ಒಂದು ಪ್ರಶ್ನೆ: ಸೀಮಂತದಲ್ಲಿ ಕೈತುಂಬ ಹಸಿರು ಬಳೆ ತೊಡಿಸಿದವರು ನೀವೇ ತಾನೆ? ಆಗ ಅಲಂಕಾರ ಬೇಕು, ಹಡೆದ ಮೇಲೆ ಮಾಸಲು ಬಣ್ಣದ ಚೀಲ ಸಾಕೇ? ಮೆರೂನ್ ಇಷ್ಟವಿದ್ದವಳು ಮೆರೂನ್ ಕೊಳ್ಳಲಿ, ಲೇಸ್ ಬೇಕಿದ್ದರೆ ಲೇಸ್ ಇರಲಿ. ಒಳಗೆ ಮೈಗೆ ತಾಗುವ ಪದರ ಮೆತ್ತನೆಯ ಹತ್ತಿಯದ್ದಾದರೆ ಸಾಕು. ನಿದ್ದೆಗೆಟ್ಟು, ಹಾಲಿನ ಕಲೆಯ ನೈಟಿಯಲ್ಲಿ ದಿನ ನೂಕುವ ಹೆಣ್ಣಿಗೆ ತನ್ನ ಮೈ ತನಗೆ ಚಂದ ಕಾಣುವುದು ಸಣ್ಣ ಸಂಗತಿಯಲ್ಲ.

ಅಂಗಡಿ ಮಾಲೀಕರೇ, ಕೌಂಟರಿನಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿ, ಕೈಗೊಂದು ಟೇಪ್ ಕೊಡಿ, ಮೂಲೆಯಲ್ಲೊಂದು ಪರದೆ ಕಟ್ಟಿ. ಹತ್ತು ಗಂಡಸರ ಮುಂದೆ “ಸೈಜ್ ಎಷ್ಟು?” ಎಂದು ಕೂಗಿದರೆ ಯಾವ ಬಸುರಿ ಬಾಯಿ ಬಿಡುತ್ತಾಳೆ?

ಸೀಮಂತಕ್ಕೆ ಹೊರಟವರೇ, ಅವಳ ಬೀರುವಿನಲ್ಲಿ ಈಗಾಗಲೇ ಸೀರೆಗಳಿವೆ. ಈ ಸಲ ಅವಳ ಅಳತೆ, ಅವಳಿಷ್ಟದ ಬಣ್ಣ ಕೇಳಿ ಮೂರು ಹಾಲೂಡಿಸುವ ಬ್ರಾ ಮಡಿಲಿಗೆ ಹಾಕಿ: ಒಂದು ಮೈಮೇಲೆ, ಒಂದು ತಂತಿಯ ಮೇಲೆ, ಒಂದು ಆಸ್ಪತ್ರೆಯ ಬ್ಯಾಗಿನಲ್ಲಿ.

ಈ ಹಾಳೆಯನ್ನು ರಸ್ತೆಗೆ ಬಿಸಾಡಬೇಡಿ. ನಿಮ್ಮ ಲೈನಿನಲ್ಲಿ ಬಸುರಿ ಇದ್ದರೆ ಅವಳ ಕೈಗೆ ಕೊಡಿ. ಗಂಡಸರು ಓದಿದ್ದರೆ ಮನೆಗೆ ಒಯ್ದು ಹೆಂಡತಿಯ ಜೊತೆ ಕೂತು ಇನ್ನೊಮ್ಮೆ ಓದಿ, ಈ ತಿಂಗಳ ಸಂಬಳದಲ್ಲೇ ಅಂಗಡಿಗೆ ಕರೆದುಕೊಂಡು ಹೋಗಿ.