ಅರ್ಥ ಹೇಳಿದರೆ ಪಾಠ ಮುಗಿಯಿತೇ?

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಹತ್ತು ಇಂಗ್ಲಿಷ್ ನುಡಿಗಟ್ಟುಗಳ ಪಾಠ ಮಾಡಿದೆ. ಅವುಗಳಲ್ಲಿ ‘ಥ್ರೋ ಎ ಪಾರ್ಟಿ’ ಒಂದು. ‘ಥ್ರೋ ಎಂದರೆ ಎಸೆ. ಆದರೆ ಇಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ; ಔತಣ ಏರ್ಪಡಿಸು ಎಂದರ್ಥ’ ಎಂದು ಹೇಳಿ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು, ಕೇಳಿದಾಗ ಅರ್ಥ ಒಪ್ಪಿಸಿದರು. ಪಾಠಯೋಜನೆಯ ಉದ್ದೇಶ ಈಡೇರಿತೆಂದು ಭಾವಿಸಿದೆ.

ಮರುದಿನ ಸ್ವಂತ ವಾಕ್ಯಗಳನ್ನು ಓದಿಸಿದಾಗ ಒಬ್ಬ ಹುಡುಗ, ಅಜ್ಜನ ತಿಥಿಗೆ ಅಪ್ಪ ‘ಥ್ರೂ ಎ ಪಾರ್ಟಿ’ ಎಂದು ಓದಿದ. ತರಗತಿ ನಕ್ಕಿತು. ಅವನು ಪುಸ್ತಕ ಮುಚ್ಚಿ ಕುಳಿತವನು ಆ ಅವಧಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ.

ತಪ್ಪು ಅವನದಲ್ಲ, ನನ್ನದು. ನಾನು ಕೊಟ್ಟ ಅರ್ಥವನ್ನೇ ಅವನು ನಿಷ್ಠೆಯಿಂದ ಬಳಸಿದ್ದ. ಕನ್ನಡದಲ್ಲಿ ಮದುವೆಗೂ ಊಟ ಹಾಕಿಸುತ್ತೇವೆ, ತಿಥಿಗೂ ಊಟ ಹಾಕಿಸುತ್ತೇವೆ. ‘ಥ್ರೋ ಎ ಪಾರ್ಟಿ’ಗೆ ಆ ವ್ಯಾಪ್ತಿಯಿಲ್ಲ. ಅದು ಸಂತೋಷಕೂಟಕ್ಕೆ ಸಲ್ಲುವ, ಸಲುಗೆಯ ಮಾತು: ಹುಟ್ಟುಹಬ್ಬ, ಬೀಳ್ಕೊಡುಗೆ, ಪಾಸಾದ ಸಂಭ್ರಮ. ಔಪಚಾರಿಕ ಆಹ್ವಾನಗಳಲ್ಲಿ ‘ಹೋಸ್ಟ್’ ಹೆಚ್ಚು ಹೊಂದುತ್ತದೆ, ಸಭೆಗಾದರೆ ‘ಹೋಲ್ಡ್’. ಇದನ್ನು ನಾನು ಹೇಳಿರಲೇ ಇಲ್ಲ.

ಭಾಷೆಯ ಕಲಿಕೆಯಲ್ಲಿ ಬಿಡಿಪದಗಳಿಗಿಂತ ಪದಗುಚ್ಛಗಳು ಮುಖ್ಯವೆಂದು ಮೈಕೆಲ್ ಲೂಯಿಸ್ 1993ರ ‘ದಿ ಲೆಕ್ಸಿಕಲ್ ಅಪ್ರೋಚ್’ ಕೃತಿಯಲ್ಲಿ ವಾದಿಸಿದರು. ನಾನು ಗುಚ್ಛವನ್ನೇನೋ ಕೊಟ್ಟೆ. ಅದು ಬದುಕುವ ಸಂದರ್ಭವನ್ನು ಕೊಡಲಿಲ್ಲ.

ಮುಂದಿನ ತರಗತಿಯಲ್ಲಿ ಮೊದಲು ಆ ಹುಡುಗನ ವ್ಯಾಕರಣ ಸರಿಯಿತ್ತೆಂದು ಹೇಳಿದೆ. ‘ಥ್ರೋ’ದ ಭೂತಕಾಲವನ್ನು ತಪ್ಪಿಲ್ಲದೆ ಬಳಸಿದವರು ಕೆಲವರೇ. ಬಳಿಕ ‘ಊಟ ಹಾಕಿಸು’ ಎಂಬುದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಲು ಹೇಳಿದೆ. ಈ ಬಾರಿ ಎಲ್ಲರೂ ನಕ್ಕರು, ಅವನೂ ನಕ್ಕ. ನಂತರ ಹಲಗೆಯ ಮೇಲೆ ಎಂಟು ಸಂದರ್ಭಗಳನ್ನು ಬರೆದು, ಎಲ್ಲಿ ‘ಥ್ರೋ’ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಗುಂಪುಗಳಲ್ಲಿ ಚರ್ಚಿಸಿ ವಿಂಗಡಿಸಲು ಬಿಟ್ಟೆ.

40 ನಿಮಿಷದ ಅವಧಿಯಲ್ಲಿ ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳುತ್ತಾರೆ. ಹತ್ತು ನುಡಿಗಟ್ಟುಗಳ ಬದಲು ಮೂರನ್ನೇ ಕಲಿಸೋಣ ಎಂಬುದು ನನ್ನ ಉತ್ತರ. ಪಾಠಯೋಜನೆಯಲ್ಲಿ ‘ಅರ್ಥ ಹೇಳುವನು’ ಎಂಬುದರ ಜೊತೆಗೆ ‘ಸಲ್ಲುವ ಮತ್ತು ಸಲ್ಲದ ಸಂದರ್ಭಗಳನ್ನು ಗುರುತಿಸುವನು’ ಎಂಬುದನ್ನೂ ಬರೆಯೋಣ. ಪಾಠ ವೀಕ್ಷಿಸುವ ಮಾರ್ಗದರ್ಶಕರು ಅದನ್ನೇ ಕೇಳಲಿ. ಅರ್ಥವನ್ನು ನಿಘಂಟೂ ಕೊಡುತ್ತದೆ; ಮಗು ಅದನ್ನು ಬಳಸಿ ನಗೆಗೀಡಾಗದಂತೆ ಕಾಯಬೇಕಾದವರು ನಾವು.