ನಾಲ್ಕೂವರೆ ಮಂದಿಯ ಕೆಲಸಕ್ಕೆ ಮೂರು ದಿನದ ತರಬೇತಿ

ನರ್ಸ್‌ಗಳಿಗೆ ತರಬೇತಿ ಬೇಡ ಎನ್ನುವವರು ಯಾರೂ ಇಲ್ಲ. ತೊಡಕು ಇರುವುದೇ ಅಲ್ಲಿ. ಯಾರೂ ವಿರೋಧಿಸದ, ಹೆಚ್ಚು ಖರ್ಚಿಲ್ಲದ, ದೀಪ ಬೆಳಗಿಸಿ ಫೋಟೊ ತೆಗೆಸಿಕೊಳ್ಳಲು ಅನುಕೂಲವಾದ ಕಾರ್ಯಕ್ರಮ ಅದು. ದೇಶದ 602 ಜಿಲ್ಲೆಗಳಿಗೆ ತೀವ್ರ ನಿಗಾ ಬ್ಲಾಕ್‌ಗಳನ್ನು ಕೊಡುವ ಕೇಂದ್ರದ ಯೋಜನೆ ಶುರುವಾದದ್ದು 2021ರಲ್ಲಿ. ಕಟ್ಟಡ ಏಳುತ್ತಿದ್ದಂತೆ ‘ಸಿಬ್ಬಂದಿಗೆ ಕೌಶಲವಿಲ್ಲ, ಮೊದಲು ತರಬೇತಿ ಕೊಡಿ’ ಎಂಬ ಮಾತೂ ಏಳುತ್ತದೆ. ಅರ್ಧ ಸತ್ಯದ ಮಾತು. ಉಳಿದರ್ಧವನ್ನು ಮುಚ್ಚಿಡಲು ಅದು ಬಳಕೆಯಾಗುತ್ತಿದೆ ಎಂಬುದು ನನ್ನ ತಕರಾರು.

ಲೆಕ್ಕ ಕಷ್ಟದ್ದೇನಲ್ಲ. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಎಲ್ಲರೂ ಒಪ್ಪುವ ಮಾನದಂಡ. ವಾರಕ್ಕೆ 168 ಗಂಟೆ. ಒಬ್ಬರು ದುಡಿಯುವುದು 48 ಗಂಟೆ. ಅಲ್ಲಿಗೇ ಮೂರೂವರೆ ಮಂದಿ ಆಯಿತು. ರಜೆ, ಕಾಯಿಲೆ, ಬಾಣಂತನಕ್ಕೆಂದು ಶೇ 30 ಸೇರಿಸಿದರೆ ನಾಲ್ಕೂವರೆ. ಹತ್ತು ಹಾಸಿಗೆಗೆ 45 ಮಂದಿ. ಇಬ್ಬರು ರೋಗಿಗಳಿಗೆ ಒಬ್ಬರು ಸಾಕೆಂದು ಚೌಕಾಸಿ ಮಾಡಿದರೂ 23. ನಿಮ್ಮೂರಿನ ದೊಡ್ಡಾಸ್ಪತ್ರೆಯ ಐಸಿಯು ಮುಂದೆ ರಾತ್ರಿ ಎರಡು ಗಂಟೆಗೆ ನಿಂತು ತಲೆ ಎಣಿಸಿ, ಆಮೇಲೆ ಕೌಶಲದ ಮಾತಾಡೋಣ.

ತಲೆಯ ಭಾಗ ಎತ್ತರಿಸಿಡಬೇಕು, ಬಾಯಿ ಶುಚಿ ಮಾಡಬೇಕು, ಕಫ ಎಳೆಯುವ ಮುಂಚೆ ಕೈ ತೊಳೆಯಬೇಕು ಎಂಬುದು ಆ ರಾತ್ರಿ ಪಾಳಿಯ ಸಿಸ್ಟರ್‌ಗೆ ಗೊತ್ತಿಲ್ಲವೇ? ಮೂರನೇ ಹಾಸಿಗೆಯಲ್ಲಿ ಕಫ ಎಳೆಯುತ್ತಿರುವಾಗ ಏಳನೇ ಹಾಸಿಗೆಯ ಅಲಾರಂ ಹೊಡೆದುಕೊಂಡರೆ ಆಕೆ ಓಡುತ್ತಾಳೆ, ಕೈ ತೊಳೆಯಲು ನಿಲ್ಲುವುದಿಲ್ಲ. ಇದನ್ನು ನಾವು ‘ಅರಿವಿಗೂ ಆಚರಣೆಗೂ ಇರುವ ಅಂತರ’ ಎಂದು ವರದಿ ಬರೆಯುತ್ತೇವೆ. ನಮ್ಮ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳ ಕಪಾಟು ತೆರೆದು ನೋಡಿ: ಬೋಧನೆಗೆ ಮುಂಚೆ ಒಂದು ಪ್ರಶ್ನಪತ್ರಿಕೆ, ಬೋಧನೆಯ ನಂತರ ಅದೇ ಪ್ರಶ್ನಪತ್ರಿಕೆ, ಅಂಕ ಏರಿತು, ಕಾರ್ಯಕ್ರಮ ಪರಿಣಾಮಕಾರಿ. ಪಾಠ ಕೇಳಿದ ಮೇಲೆ ಅಂಕ ಏರದಿದ್ದರಲ್ಲವೇ ಆಶ್ಚರ್ಯ!

ತರಬೇತಿಯ ಪಕ್ಷಪಾತಿಗಳ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣವಿದೆ. 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ: ಯುರೋಪಿನ ಒಂಬತ್ತು ದೇಶ, 300 ಆಸ್ಪತ್ರೆ, ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇ 7ರಷ್ಟು ಕಡಿಮೆ. ನೋಡಿ, ಕಲಿಕೆ ಜೀವ ಉಳಿಸುತ್ತದೆ ಎನ್ನುತ್ತಾರೆ. ಸರಿ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಏಳು ಇದೆ: ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇ 7ರಷ್ಟು ಮೇಲೆ. ಮೊದಲ ಏಳನ್ನು ಉಲ್ಲೇಖಿಸುವವರು ಎರಡನೆಯದನ್ನು ನುಂಗಿಕೊಳ್ಳುವುದೇಕೆ? ಏಕೆಂದರೆ ಆ ಹೊರೆ ಇಳಿಸಲು ಹುದ್ದೆ ಬೇಕು, ಹುದ್ದೆಗೆ ಆರ್ಥಿಕ ಇಲಾಖೆಯ ಸಹಿ ಬೇಕು. ಇನ್ನು ಆ ‘ಕಲಿಕೆ’ ವರ್ಷಗಟ್ಟಲೆ ಓದಿದ ಪದವಿ. ಹೋಟೆಲ್ ಸಭಾಂಗಣದ ಮೂರು ದಿನವಲ್ಲ. ಆ ಅಧ್ಯಯನದ್ದು ಐಸಿಯು ರೋಗಿಗಳ ಲೆಕ್ಕವಲ್ಲ ಎಂಬ ಆಕ್ಷೇಪ ನ್ಯಾಯವೇ. ವಾರ್ಡಿನಲ್ಲೇ ಹೀಗಿದ್ದರೆ ಐಸಿಯುನಲ್ಲಿ ಹೊರೆ ಹಗುರವಾದೀತೇ?

ಫಲ ಕೊಟ್ಟ ಪ್ರಯೋಗಗಳೂ ಇವೆ. ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ ಪ್ರೊನೊವೊಸ್ಟ್ ತಂಡ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ರಕ್ತನಾಳದ ಕ್ಯಾಥೆಟರ್‌ನಿಂದ ತಗಲುವ ಸೋಂಕನ್ನು ಶೇ 66ರವರೆಗೆ ಇಳಿಸಿದ್ದು 2006ರಲ್ಲಿ ವರದಿಯಾಯಿತು. ಹೇಳಿಕೊಟ್ಟದ್ದು ಐದೇ ಸಂಗತಿ. ಆದರೆ ಅದರ ಜತೆಗೆ, ಕ್ರಮ ತಪ್ಪಿದ ವೈದ್ಯರನ್ನು ಅಲ್ಲೇ ತಡೆಯುವ ವ್ಯವಸ್ಥೆ ಇತ್ತು, ಸೋಂಕಿನ ಅಂಕಿಯನ್ನು ತಿಂಗಳು ತಿಂಗಳೂ ಸಿಬ್ಬಂದಿಯ ಮುಂದಿಡುತ್ತಿದ್ದರು. ಹೊರಗುತ್ತಿಗೆಯ ನರ್ಸ್ ಒಬ್ಬಳು ನಮ್ಮಲ್ಲಿ ‘ಸರ್, ಕೈ ತೊಳೆದಿಲ್ಲ’ ಎಂದು ಸರ್ಜನ್‌ಗೆ ಹೇಳಿ, ಮುಂದಿನ ವರ್ಷ ಗುತ್ತಿಗೆ ನವೀಕರಣವಾಗುತ್ತದೆಂದು ನಂಬುವುದುಂಟೇ?

ಕೋವಿಡ್ ಕಾಲದ 2021ರ ಮೇ ನೆನಪಿಸಿಕೊಳ್ಳಿ. ರಾಜ್ಯಗಳಿಗೆ ಕಳಿಸಿದ ವೆಂಟಿಲೇಟರ್‌ಗಳು ಮೂಲೆ ಸೇರಿವೆ ಎಂಬ ಸುದ್ದಿ ಬಂದಾಗ ದಿಲ್ಲಿ ಸೂಚಿಸಿದ್ದು ಲೆಕ್ಕಪರಿಶೋಧನೆ ಮತ್ತು ಪುನಶ್ಚೇತನ ತರಬೇತಿ. ಯಂತ್ರ ಎಣಿಸಿದರು, ಕೈಗಳನ್ನು ಎಣಿಸಲಿಲ್ಲ.

ತರಬೇತಿ ನಡೆಯಲಿ. ಆದರೆ ಎಷ್ಟು ಜನರಿಗೆ ಪ್ರಮಾಣಪತ್ರ ಕೊಟ್ಟೆವು ಎಂದು ಪ್ರಕಟಿಸುವ ಇಲಾಖೆ, ಅದೇ ಪುಟದಲ್ಲಿ ಇನ್ನೆರಡು ಸಾಲು ಸೇರಿಸಲಿ: ಅವರಲ್ಲಿ ಆರು ತಿಂಗಳ ನಂತರವೂ ಐಸಿಯುನಲ್ಲೇ ಉಳಿದವರೆಷ್ಟು, ಕಳೆದ ತಿಂಗಳ ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಬಂದ ಹಾಸಿಗೆಗಳೆಷ್ಟು.