ಗೆದ್ದವರ ಕೈಗೆ ಬಾರದ ಹಣ

ನನ್ನ ಡಿಮ್ಯಾಟ್ ಖಾತೆಯಲ್ಲಿರುವುದು ನಾಲ್ಕೇ ಷೇರು. ದಿನಾ ಬೆಲೆ ನೋಡುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಟೆಸ್ಲಾ ಪ್ರಕರಣ ಓದಿದ ಮೇಲೆ ಹಾಗನ್ನಿಸುತ್ತಿಲ್ಲ.

ನಿರ್ದೇಶಕರು ತಮಗೆ ತಾವೇ ವಿಪರೀತ ಸಂಭಾವನೆ ಕೊಟ್ಟುಕೊಂಡರೆಂದು ಅಮೆರಿಕದ ಡೆಟ್ರಾಯ್ಟ್ ನಗರದ ಪೊಲೀಸ್, ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ನಿಧಿ 2020ರಲ್ಲಿ ಕಂಪನಿಯ ಪರವಾಗಿ ಮೊಕದ್ದಮೆ ಹೂಡಿತು. 2023ರಲ್ಲಿ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳದಿದ್ದರೂ, ಸುಮಾರು 73.5 ಕೋಟಿ ಡಾಲರ್ ಮೌಲ್ಯದ ಸಂಭಾವನೆ ಹಿಂದಿರುಗಿಸಲು ನಿರ್ದೇಶಕರು ಒಪ್ಪಿದರು. ಅದು ಸೇರುವುದು ಪಿಂಚಣಿ ನಿಧಿಗಲ್ಲ, ಕಂಪನಿಗೆ!

ಕಂಪನಿಗೆ ಸ್ವಂತ ಬಾಯಿಲ್ಲ. ಅದರ ಪರ ಮಾತನಾಡಬೇಕಾದ ನಿರ್ದೇಶಕರ ಮೇಲೇ ಆರೋಪ ಬಂದಾಗ ಷೇರುದಾರರೇ ದನಿಯಾಗಬೇಕು. ನಮ್ಮಲ್ಲೂ 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ ಅಡಿ ನೂರು ಷೇರುದಾರರು ಒಟ್ಟಾದರೆ ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಆ ನೂರರಲ್ಲಿ ನಾಲ್ಕು ಷೇರಿನ ನಾನೂ ಒಬ್ಬನಾಗಬಹುದಲ್ಲವೇ?